ಎರಡು ಮೆಡಿಕಲ್ ಸ್ಕೂಲಿನ ಸೀಟು ಕೈಯಲ್ಲಿದ್ದಾಗ: ಖರ್ಚು ಮತ್ತು ರೆಸಿಡೆನ್ಸಿ ನೋಡಿ ಆರಿಸುವುದು ಹೇಗೆ

ಅಮೆರಿಕದಲ್ಲಿ ಮೆಡಿಕಲ್ ಸ್ಕೂಲಿಗೆ ಒಂದು ಸೀಟು ಸಿಗುವುದೇ ಕಷ್ಟ. ಹಾಗಾಗಿ ಎರಡು ಕಡೆ ಸಿಕ್ಕವರಿಗೆ ಯಾರೂ ಕೂತು ಸಲಹೆ ಕೊಡುವುದಿಲ್ಲ, "ಪುಣ್ಯವಂತರು ಬಿಡಿ, ಹೆಸರಿರೋದನ್ನ ತಗೊಳ್ಳಿ" ಅಂದು ಎದ್ದು ಹೋಗುತ್ತಾರೆ. 2024ರ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲೂ ಇದೇ ಆಯಿತು. ಮಗಳಿಗೆ ನಮ್ಮದೇ ರಾಜ್ಯದ ಸರ್ಕಾರಿ ಸ್ಕೂಲಿನಲ್ಲಿ ಒಂದು ಸೀಟು, ವಿಮಾನದಲ್ಲಿ ಹೋಗಬೇಕಾದಷ್ಟು ದೂರದ ಖಾಸಗಿ ಸ್ಕೂಲಿನಲ್ಲಿ ಇನ್ನೊಂದು. ಖಾಸಗಿಯದಕ್ಕೆ ಹೆಸರು ಜಾಸ್ತಿ, ಫೀಸೂ ಜಾಸ್ತಿ. ಮೂರು ವಾರ ಊಟಕ್ಕೆ ಕೂತಾಗಲೆಲ್ಲ ಬರೀ ಇದೇ ಮಾತು. ಆ ಮೂರು ವಾರದಲ್ಲಿ ನಾವು ಕಲಿತದ್ದನ್ನು, ಆಮೇಲೆ ಗೊತ್ತಾಗಿ ಹೊಟ್ಟೆ ಉರಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡೂ ಅಮೆರಿಕದ ಒಳಗಿನ, ಪೂರ್ತಿ ಮಾನ್ಯತೆ ಇರುವ ಎಂಡಿ (ಅಮೆರಿಕದಲ್ಲಿ ಡಾಕ್ಟರಾಗಲು ಓದುವ ಮೊದಲ ಪದವಿಯೇ ಇದು) ಸ್ಕೂಲುಗಳಾದರೆ ಕಮ್ಮಿ ಖರ್ಚಿನದನ್ನೇ ಹಿಡಿಯಿರಿ. ದುಬಾರಿಯದಕ್ಕೇ ಹೋಗಬೇಕು ಅನ್ನಿಸಿದರೆ, ಆ ಹೆಚ್ಚಿನ ದುಡ್ಡಿಗೆ ಏನು ಸಿಗುತ್ತದೆ ಅಂತ ಒಂದೇ ವಾಕ್ಯದಲ್ಲಿ, ಇಂಥದ್ದೇ ಅಂತ ಬೊಟ್ಟು ಮಾಡಿ ಹೇಳಲು ಬರಬೇಕು.

ಮಾನ್ಯತೆ ನೋಡಿ, ಎರಡು ನಿಮಿಷದ ಕೆಲಸ

ಎಂಡಿ ಸ್ಕೂಲುಗಳಿಗೆ ಮಾನ್ಯತೆ ಕೊಡುವುದು ಎಲ್‌ಸಿಎಂಇ ಅನ್ನುವ ಸಂಸ್ಥೆ, ಡಿಓ (ಆಸ್ಟಿಯೋಪಥಿಕ್ ಮೆಡಿಸಿನ್ ಪದವಿ, ಇದನ್ನು ಓದಿದವರೂ ಪೂರ್ತಿ ಡಾಕ್ಟರೇ) ಸ್ಕೂಲುಗಳಿಗೆ ಕೋಕಾ ಅನ್ನುವ ಸಂಸ್ಥೆ. ಹೊಸ ಸ್ಕೂಲಿಗೆ ಪೂರ್ತಿ ಮಾನ್ಯತೆ ಒಮ್ಮೆಲೇ ಬರುವುದಿಲ್ಲ, ಹಂತ ಹಂತವಾಗಿ ಬರುತ್ತದೆ. ಹೊಸ ಸ್ಕೂಲು ಅಂದ ಕೂಡಲೇ ಬೇಡ ಅನ್ನಬೇಕಿಲ್ಲ, ಮೊದಲ ಕೆಲವು ಬ್ಯಾಚುಗಳಿಗೆ ಒಳ್ಳೆ ಸ್ಕಾಲರ್‌ಶಿಪ್ ಕೊಡುವ ಸ್ಕೂಲುಗಳಿವೆ. ಆದರೆ ಅಲ್ಲಿಂದ ಓದಿ ಹೊರಬಂದವರು ಎಲ್ಲಿ ರೆಸಿಡೆನ್ಸಿ (ಪದವಿ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಸಂಬಳ ಪಡೆದು ಒಂದು ವಿಭಾಗದಲ್ಲಿ ಮಾಡುವ ತರಬೇತಿ) ಪಡೆದರು ಅಂತ ತೋರಿಸುವ ಪಟ್ಟಿ ಇನ್ನೂ ಇರುವುದಿಲ್ಲ. ಆ ಕತ್ತಲಲ್ಲಿ ಹೆಜ್ಜೆ ಇಡುತ್ತಿದ್ದೀರಿ ಅಂತ ಗೊತ್ತಿದ್ದು ಇಡಿ.

ನಾಲ್ಕೂ ವರ್ಷದ ಖರ್ಚನ್ನು ಒಂದೇ ಸಂಖ್ಯೆಗೆ ತನ್ನಿ

ಎಲ್ಲರೂ ತಪ್ಪುವುದು ಇಲ್ಲೇ. ಟ್ಯೂಷನ್ ಫೀಸು ಮಾತ್ರ ಹೋಲಿಸುತ್ತಾರೆ, ಅದೂ ಮೊದಲ ವರ್ಷದ್ದು. ನೀವು ನೋಡಬೇಕಾದ್ದು ಒಟ್ಟು ಖರ್ಚು. ಸ್ಕೂಲಿನವರು ಇದನ್ನು ಕಾಸ್ಟ್ ಆಫ್ ಅಟೆಂಡೆನ್ಸ್ ಅನ್ನುತ್ತಾರೆ. ಟ್ಯೂಷನ್, ಇತರ ಫೀಸು, ಮನೆ ಬಾಡಿಗೆ, ಊಟ, ಆರೋಗ್ಯ ವಿಮೆ, ಓಡಾಟ, ಪುಸ್ತಕ ಎಲ್ಲ ಇದರಲ್ಲಿ ಸೇರುತ್ತದೆ. ಇದನ್ನು ನಾಲ್ಕೂ ವರ್ಷಕ್ಕೆ ಬೇರೆ ಬೇರೆಯಾಗಿ ಕೇಳಿ ತಗೊಳ್ಳಿ. ಮೂರನೇ ವರ್ಷ ಬೇಸಿಗೆ ರಜೆಯೇ ಇರುವುದಿಲ್ಲ ಅನ್ನಬಹುದು, ಹಾಗಾಗಿ ಹನ್ನೆರಡು ತಿಂಗಳ ಬಾಡಿಗೆ. ಪರೀಕ್ಷೆಗಳ ಫೀಸು ಬೇರೆ, ನಾಲ್ಕನೇ ವರ್ಷ ರೆಸಿಡೆನ್ಸಿ ಅರ್ಜಿಗಳ ಖರ್ಚು ಬೇರೆ.

ಕಳೆದ ನಾಲ್ಕೈದು ವರ್ಷದಲ್ಲಿ ಟ್ಯೂಷನ್ ಎಷ್ಟೆಷ್ಟು ಏರಿದೆ ಅಂತಲೂ ಕೇಳಿ. ಸ್ಕಾಲರ್‌ಶಿಪ್ ಇದ್ದರೆ ಅದು ನಾಲ್ಕೂ ವರ್ಷಕ್ಕಾ, ಒಂದೇ ವರ್ಷಕ್ಕಾ, ಪ್ರತಿ ವರ್ಷ ಯಾವ ಷರತ್ತಿನ ಮೇಲೆ ಮುಂದುವರಿಯುತ್ತದೆ, ಫೀಸು ಏರಿದ ಹಾಗೆ ಅದೂ ಏರುತ್ತದಾ, ಇಷ್ಟನ್ನೂ ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ವಿಮೆಯ ವಿಷಯ ಸಣ್ಣದು, ಆದರೆ ದುಡ್ಡು ಉಳಿಸುತ್ತದೆ. ಮಕ್ಕಳಿಗೆ 26 ವರ್ಷ ತುಂಬುವವರೆಗೆ ಅಪ್ಪ-ಅಮ್ಮನ ವಿಮೆಯಲ್ಲೇ ಇರಬಹುದು. ಸ್ಕೂಲಿನ ವಿಮೆ ಬೇಡ ಅಂತ ಬರೆದುಕೊಡಲು ಬಿಡುತ್ತಾರಾ ಕೇಳಿ. ಹಾಗೇ ನಿಮ್ಮ ವಿಮೆ ಆ ರಾಜ್ಯದ ಆಸ್ಪತ್ರೆಗಳಲ್ಲಿ ನಡೆಯುತ್ತದಾ ಅಂತಲೂ ನೋಡಿಕೊಳ್ಳಿ.

ಬೇರೆ ರಾಜ್ಯದ ಸರ್ಕಾರಿ ಸ್ಕೂಲಾದರೆ ಇನ್ನೊಂದು ಪ್ರಶ್ನೆ ಇದೆ. ಒಂದು ವರ್ಷ ಅಲ್ಲಿದ್ದ ಮೇಲೆ ಆ ರಾಜ್ಯದವರಿಗಿರುವ ಫೀಸು ನಮಗೂ ಸಿಗುತ್ತದಾ? ಕೆಲವು ಕಡೆ ಸಿಗುತ್ತದೆ, ಕೆಲವು ಕಡೆ ಏನು ಮಾಡಿದರೂ ಇಲ್ಲ. ನಾಲ್ಕು ವರ್ಷಕ್ಕೆ ಇದೊಂದೇ ವ್ಯತ್ಯಾಸ ದೊಡ್ಡ ಮೊತ್ತ ಆಗಬಹುದು.

ಟ್ಯೂಷನ್ ಪೂರ್ತಿ ಬಿಟ್ಟಿರುವ ಸ್ಕೂಲುಗಳ ಬಗ್ಗೆ ನೀವು ಕೇಳಿರುತ್ತೀರಿ. ನ್ಯೂಯಾರ್ಕ್ ಯೂನಿವರ್ಸಿಟಿಯ ಗ್ರಾಸ್‌ಮನ್ ಸ್ಕೂಲು 2018ರಲ್ಲಿ ಎಲ್ಲರಿಗೂ ಟ್ಯೂಷನ್ ಮನ್ನಾ ಮಾಡಿತು. 2024ರ ಫೆಬ್ರವರಿಯಲ್ಲಿ ರೂತ್ ಗಾಟೆಸ್‌ಮನ್ ಅವರು ಕೊಟ್ಟ 100 ಕೋಟಿ ಡಾಲರಿನಿಂದ ಬ್ರಾಂಕ್ಸಿನ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜಿನಲ್ಲೂ ಹಾಗೇ ಆಯಿತು. ಅದೇ ವರ್ಷ ಬ್ಲೂಮ್‌ಬರ್ಗ್ ಕೊಡುಗೆಯಿಂದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವರ್ಷಕ್ಕೆ 3 ಲಕ್ಷ ಡಾಲರಿಗಿಂತ ಕಮ್ಮಿ ಆದಾಯದ ಮನೆಯ ಮಕ್ಕಳಿಗೆ ಟ್ಯೂಷನ್ ಉಚಿತವಾಯಿತು, 1.75 ಲಕ್ಷದ ಒಳಗಿನವರಿಗೆ ಇರುವ-ಉಣ್ಣುವ ಖರ್ಚೂ ಸೇರಿ. ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಲರ್ನರ್ ಕಾಲೇಜಿನಲ್ಲೂ ಟ್ಯೂಷನ್ ಇಲ್ಲ, ಆದರೆ ಅಲ್ಲಿ ಓದು ಐದು ವರ್ಷ. ಇವುಗಳಲ್ಲಿ ಸೀಟು ಸಿಕ್ಕಿದ್ದರೆ ಈ ಲೇಖನ ನಿಮಗೆ ಅಷ್ಟಾಗಿ ಬೇಕಿಲ್ಲ. ಆದರೂ ನ್ಯೂಯಾರ್ಕ್ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯಿರಿ, ಟ್ಯೂಷನ್ ಉಚಿತ ಅಂದರೆ ಎಲ್ಲವೂ ಉಚಿತ ಅಂತಲ್ಲ.

ದುಡ್ಡು ಎಲ್ಲಿಂದ ಬರುತ್ತದೆ? ನಿಯಮ ಬದಲಾಗಿದೆ

ನಮ್ಮ ಮಗಳು ಸೇರುವಾಗ ಗ್ರಾಡ್ ಪ್ಲಸ್ ಅಂತ ಒಂದು ಸರ್ಕಾರಿ ಸಾಲ ಇತ್ತು. ಸ್ಕೂಲಿನ ಒಟ್ಟು ಖರ್ಚು ಎಷ್ಟೇ ಇರಲಿ, ಅಷ್ಟೂ ಕೊಡುತ್ತಿದ್ದರು. 2025ರ ಜುಲೈನಲ್ಲಿ ಬಂದ ಕಾನೂನು ಅದನ್ನು ತೆಗೆದುಹಾಕಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರಾಡ್ ಪ್ಲಸ್ ಇಲ್ಲ. ಮೆಡಿಕಲ್ ವಿದ್ಯಾರ್ಥಿಗೆ ಸರ್ಕಾರಿ ಸಾಲ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಆಗಲೇ ಓದುತ್ತಿದ್ದು, ಅದೇ ಕೋರ್ಸಿಗೆ ಮೊದಲೇ ಸಾಲ ತೆಗೆದವರಿಗೆ ಕೆಲವು ವರ್ಷ ಹಳೇ ನಿಯಮ ನಡೆಯುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಒಂದು ಸ್ಕೂಲಿನ ಒಟ್ಟು ಖರ್ಚು ವರ್ಷಕ್ಕೆ 90 ಸಾವಿರ ಅಂದುಕೊಳ್ಳೋಣ, ಸ್ಕಾಲರ್‌ಶಿಪ್ ಏನೂ ಇಲ್ಲ. 50 ಸಾವಿರ ಸರ್ಕಾರಿ ಸಾಲ. ಉಳಿದ 40 ಸಾವಿರ ನಿಮ್ಮ ಉಳಿತಾಯದಿಂದ ಬರಬೇಕು, ಇಲ್ಲ ಖಾಸಗಿ ಬ್ಯಾಂಕಿನಿಂದ. ನಾಲ್ಕು ವರ್ಷಕ್ಕೆ 1.6 ಲಕ್ಷ. ಖಾಸಗಿ ಸಾಲಕ್ಕೆ ಅಪ್ಪನೋ ಅಮ್ಮನೋ ಜಾಮೀನು ಸಹಿ ಹಾಕಬೇಕಾಗುವುದೇ ಹೆಚ್ಚು. ಆದಾಯ ನೋಡಿ ಕಂತು ಇಳಿಸುವ ಸರ್ಕಾರಿ ಅನುಕೂಲ ಅದಕ್ಕಿಲ್ಲ, ಸಾಲ ಮನ್ನಾ ಯೋಜನೆಗಳೂ ಇಲ್ಲ. ಹಿಂದೆ ಹಿರಿಯರು "ಎಷ್ಟಾದರೂ ಸಾಲ ಮಾಡಿ, ಡಾಕ್ಟರಾದ ಮೇಲೆ ತೀರುತ್ತೆ" ಅನ್ನುತ್ತಿದ್ದರಲ್ಲ, ಆ ಮಾತು ಗ್ರಾಡ್ ಪ್ಲಸ್ ಕಾಲದ್ದು. ಈಗ ದುಬಾರಿ ಸ್ಕೂಲು ಮತ್ತು ಅಗ್ಗದ ಸ್ಕೂಲಿನ ನಡುವಿನ ಅಂತರ ಬರೀ ಮೊತ್ತದ್ದಾಗಿ ಉಳಿದಿಲ್ಲ, ಸಾಲದ ಜಾತಿಯೇ ಬೇರೆಯಾಗಿದೆ.

ಬಡ್ಡಿಯನ್ನೂ ಒಮ್ಮೆ ಕೈಯಾರೆ ಲೆಕ್ಕ ಹಾಕಿ. 2025-26ರಲ್ಲಿ ಈ ಸರ್ಕಾರಿ ಸಾಲದ ಬಡ್ಡಿ ಶೇ 7.94. ಸುಲಭಕ್ಕೆ ಶೇ 8 ಅಂತ ಹಿಡಿಯೋಣ. ವರ್ಷಕ್ಕೆ 50 ಸಾವಿರದಂತೆ ನಾಲ್ಕು ವರ್ಷ ತೆಗೆದರೆ ಅಸಲು 2 ಲಕ್ಷ. ಓದುತ್ತಿರುವಾಗಲೂ ಬಡ್ಡಿ ಏರುತ್ತಲೇ ಇರುತ್ತದೆ, ಹಾಗಾಗಿ ಪದವಿ ಮುಗಿಯುವ ಹೊತ್ತಿಗೆ ಸುಮಾರು 40 ಸಾವಿರ ಬಡ್ಡಿ ಕೂಡಿರುತ್ತದೆ. ಒಟ್ಟು 2.4 ಲಕ್ಷ. ಇದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 2,900 ಡಾಲರ್ ಕಂತು. ಇದರಿಂದ ಒಂದು ಸುಲಭ ಅಳತೆ ಸಿಗುತ್ತದೆ: ಪದವಿ ದಿನದ ಪ್ರತಿ 1 ಲಕ್ಷ ಡಾಲರ್ ಸಾಲಕ್ಕೆ ಹತ್ತು ವರ್ಷ, ತಿಂಗಳಿಗೆ 1,200 ಡಾಲರ್. ಎರಡು ಸ್ಕೂಲಿನ ಅಂತರ ಒಂದೂವರೆ ಲಕ್ಷವಾದರೆ ತಿಂಗಳಿಗೆ 1,800. ಈ ಸಂಖ್ಯೆ ಹೇಳಿದಾಗಲೇ ನಮ್ಮ ಮಗಳು ಮೊದಲ ಸಲ ಸುಮ್ಮನಾಗಿ ಯೋಚನೆಗೆ ಕೂತದ್ದು. ಲಕ್ಷದ ಮಾತು 22 ವರ್ಷದವರಿಗೆ ಮನಸ್ಸಿಗೆ ನಾಟುವುದಿಲ್ಲ, ತಿಂಗಳ ಕಂತು ನಾಟುತ್ತದೆ.

ರೆಸಿಡೆನ್ಸಿಯ ಮೊದಲ ವರ್ಷದ ಸಂಬಳ ಸುಮಾರು 60ರಿಂದ 70 ಸಾವಿರ, ಆಮೇಲೆ ವರ್ಷ ವರ್ಷ ಸ್ವಲ್ಪ ಏರುತ್ತದೆ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಪೀಡಿಯಾಟ್ರಿಕ್ಸ್‌ಗೆ ಮೂರು ವರ್ಷ, ಜನರಲ್ ಸರ್ಜರಿಗೆ ಐದು, ನ್ಯೂರೋಸರ್ಜರಿಗೆ ಏಳು. ಅಷ್ಟೂ ವರ್ಷ ಈ ಸಂಬಳದಲ್ಲೇ ಬದುಕಬೇಕು. ಸರ್ಕಾರಿ ಸಾಲ ಇದ್ದವರಿಗೆ ಆದಾಯ ನೋಡಿ ಕಂತು ಕಟ್ಟುವ ದಾರಿ ಇದೆ. ಸರ್ಕಾರಿ ಇಲ್ಲವೇ ಲಾಭರಹಿತ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ 120 ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ ಆಗುವ ಪಿಎಸ್‌ಎಲ್‌ಎಫ್ ಯೋಜನೆಯೂ ಇದೆ, ಅಂಥ ಆಸ್ಪತ್ರೆಯಲ್ಲಾದರೆ ರೆಸಿಡೆನ್ಸಿ ವರ್ಷಗಳೂ ಅದಕ್ಕೆ ಲೆಕ್ಕ. ಒಳ್ಳೆಯ ಯೋಜನೆಯೇ. ಆದರೆ ಅದನ್ನೇ ನಂಬಿಕೊಂಡು ದುಬಾರಿ ಸ್ಕೂಲು ಆರಿಸಬೇಡಿ, ಸಾಲದ ನಿಯಮ ಎಷ್ಟು ಬೇಗ ಬದಲಾಗುತ್ತದೆ ಅಂತ ಈಗಷ್ಟೇ ನೋಡಿದ್ದೇವೆ.

ಅಮೆರಿಕದ ಪ್ರಜೆಗಳಿಗೆ ಇನ್ನೆರಡು ದಾರಿ ಇವೆ. ಸೇನೆಯ ಎಚ್‌ಪಿಎಸ್‌ಪಿ ಸ್ಕಾಲರ್‌ಶಿಪ್ ಟ್ಯೂಷನ್ ಪೂರ್ತಿ ಕಟ್ಟಿ ತಿಂಗಳ ಖರ್ಚಿಗೂ ಕೊಡುತ್ತದೆ, ಬದಲಿಗೆ ಸೇನೆಯಲ್ಲಿ ಕೆಲಸ ಮಾಡಬೇಕು. ನ್ಯಾಷನಲ್ ಹೆಲ್ತ್ ಸರ್ವೀಸ್ ಕೋರ್‌ನದ್ದು ಪ್ರೈಮರಿ ಕೇರ್ ಡಾಕ್ಟರಾಗಿ ವೈದ್ಯರ ಕೊರತೆ ಇರುವ ಊರುಗಳಿಗೆ ಹೋಗಲು ಒಪ್ಪಿದವರಿಗೆ. ಮನಸ್ಸಿದ್ದರೆ ಮಾತ್ರ ತಗೊಳ್ಳಿ, ಬರೀ ದುಡ್ಡಿಗೆ ಅಂತ ಬೇಡ.

ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಬೆಳೆದ ಮಕ್ಕಳ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದರೆ ಸರ್ಕಾರಿ ಸಾಲ ಸಿಗುವುದಿಲ್ಲ. ಹಲವು ಸ್ಕೂಲುಗಳು ಅರ್ಜಿಯನ್ನೇ ತಗೊಳ್ಳುವುದಿಲ್ಲ, ತಗೊಳ್ಳುವ ಕೆಲವು ಕಡೆ ಒಂದಕ್ಕಿಂತ ಹೆಚ್ಚು ವರ್ಷದ ಖರ್ಚನ್ನು ಮುಂಗಡವಾಗಿ ತೋರಿಸಲು ಹೇಳುತ್ತಾರೆ. ಸೀಟು ಬಂದ ದಿನವೇ ಇದನ್ನು ಕೇಳಿ.

ಸ್ಕೂಲಿನವರನ್ನು ಕೇಳಿ, ಸಂಕೋಚ ಬೇಡ

ನಮ್ಮವರಿಗೆ ದುಡ್ಡು ಕೇಳುವುದು ಅಂದರೆ ಮುಜುಗರ. ನಾನೂ ಹಾಗೇ ಇದ್ದೆ, "ಸೀಟು ಕೊಟ್ಟಿದ್ದೇ ದೊಡ್ಡದು, ಇನ್ನೇನು ಕೇಳೋದು" ಅಂತ. ಮಗಳೇ ಹಣಕಾಸು ನೆರವಿನ ಕಚೇರಿಗೆ ಮೇಲ್ ಬರೆದಳು. ಇನ್ನೊಂದು ಸ್ಕೂಲು ಕೊಟ್ಟ ಸ್ಕಾಲರ್‌ಶಿಪ್ ಪತ್ರ ಸೇರಿಸಿ, ನಿಮ್ಮಲ್ಲೇ ಓದಲು ಇಷ್ಟ, ಆದರೆ ನಾಲ್ಕು ವರ್ಷದಲ್ಲಿ ಇಷ್ಟು ಅಂತರ ಬರುತ್ತದೆ, ಇನ್ನೊಮ್ಮೆ ನೋಡಲು ಸಾಧ್ಯವೇ ಅಂತ ನಾಲ್ಕೇ ಸಾಲು. ಹತ್ತು ದಿನದಲ್ಲಿ ವರ್ಷಕ್ಕೆ 8 ಸಾವಿರ ಹೆಚ್ಚಿಸಿದರು. ಪ್ರತಿ ಸಲ ಹೀಗೆ ಆಗುತ್ತದೆ ಅಂತಲ್ಲ, ಆದರೆ ಮರ್ಯಾದೆಯಿಂದ ಕೇಳಿದ್ದಕ್ಕೆ ಯಾರೂ ಸೀಟು ವಾಪಸ್ ತಗೊಳ್ಳುವುದಿಲ್ಲ. ಮೇಲ್ ವಿದ್ಯಾರ್ಥಿಯೇ ಬರೆಯಲಿ, ಅಪ್ಪ-ಅಮ್ಮ ಬರೆಯುವುದು ಬೇಡ.

ಸರ್ಕಾರಿ ಸಾಲಕ್ಕೆ ಅಪ್ಪ-ಅಮ್ಮನ ಆದಾಯ ಬೇಕಿಲ್ಲದಿದ್ದರೂ ಹಲವು ಸ್ಕೂಲುಗಳು ತಮ್ಮದೇ ಸ್ಕಾಲರ್‌ಶಿಪ್ಪಿಗೆ ಅದನ್ನು ಕೇಳುತ್ತವೆ. ಆ ಅರ್ಜಿಯನ್ನು ಕೊನೇ ದಿನದವರೆಗೆ ಬಿಡಬೇಡಿ.

ಮ್ಯಾಚ್ ಪಟ್ಟಿ ಓದುವುದು ಹೇಗೆ

ಈಗ ರೆಸಿಡೆನ್ಸಿ. ಪ್ರತಿ ವರ್ಷ ಮಾರ್ಚ್ ಮೂರನೇ ಶುಕ್ರವಾರ ಮ್ಯಾಚ್ ಡೇ, ಅಂದರೆ ಯಾರಿಗೆ ಯಾವ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಅಂತ ಗೊತ್ತಾಗುವ ದಿನ. ಸ್ಕೂಲುಗಳೆಲ್ಲ ತಮ್ಮ ಪಟ್ಟಿ ಹಾಕಿ "ಶೇ 98 ಮಂದಿಗೆ ಸಿಕ್ಕಿತು" ಅಂತ ಹೇಳುತ್ತವೆ. ನಾವು ನೋಡಿದ ಖಾಸಗಿ ಸ್ಕೂಲಿನ ಪುಟದಲ್ಲೂ ಅಂಥದೇ ಸಂಖ್ಯೆ ಇತ್ತು. ಅದರ ಒಳಗೆ ಏನಿದೆ ಅಂತ ಗೊತ್ತಾದದ್ದು ಅಲ್ಲಿನ ನಾಲ್ಕನೇ ವರ್ಷದ ಹುಡುಗಿಯೊಬ್ಬಳ ಜೊತೆ ಮಗಳು ಮಾತಾಡಿದ ಮೇಲೆ. ಮೊದಲ ಸುತ್ತಿನಲ್ಲಿ ಎಲ್ಲೂ ಸಿಗದೆ, ಅದೇ ವಾರ ಖಾಲಿ ಉಳಿದ ಸೀಟುಗಳಿಗೆ ಓಡಾಡಿ ಸೇರಿಕೊಂಡವರನ್ನೂ ಅದರಲ್ಲಿ ಎಣಿಸಿದ್ದರು. ಈ ಎರಡನೇ ಸುತ್ತಿಗೆ ಸೋಪ್ ಅನ್ನುತ್ತಾರೆ. ಆ ದಿನ ನನಗೆ ನಿಜವಾಗಿ ಬೇಜಾರಾಯಿತು.

ಹಾಗಾಗಿ ಒಂದು ವರ್ಷದ ಪಟ್ಟಿ ಸಾಲದು, ಮೂರು ವರ್ಷದ್ದು ಇಟ್ಟುಕೊಂಡು ಕೂರಿ. ಸೋಪ್ ಮೂಲಕ ಎಷ್ಟು ಜನ ಹೋದರು ಕೇಳಿ. ನಾಲ್ಕು ವರ್ಷದ ಹಿಂದೆ ಸೇರಿದವರು ಎಷ್ಟು, ಈಗ ಪಟ್ಟಿಯಲ್ಲಿರುವವರು ಎಷ್ಟು, ಹೋಲಿಸಿ. ನಡುವೆ ತುಂಬಾ ಜನ ಕಾಣೆಯಾಗಿದ್ದರೆ ಯಾಕೆ ಅಂತ ಕೇಳಿ. ಪಟ್ಟಿಯಲ್ಲಿ "ಸರ್ಜರಿ ಪ್ರಿಲಿಮಿನರಿ" ಅಂತ ಕಂಡರೆ ಅದು ಪೂರ್ತಿ ಸರ್ಜರಿ ರೆಸಿಡೆನ್ಸಿ ಅಲ್ಲ, ಒಂದೇ ವರ್ಷದ ಕೆಲಸ. ರೇಡಿಯಾಲಜಿ, ಅನಸ್ತೀಸಿಯಾ, ಡರ್ಮಟಾಲಜಿಗೆ ಹೋಗುವವರಲ್ಲಿ ಹಲವರು ಮೊದಲ ವರ್ಷವನ್ನು ಹೀಗೆ ಬೇರೆ ಕಡೆ ಮಾಡುತ್ತಾರೆ, ಅದು ಸಹಜ. ಮುಂದಿನ ಸೀಟು ಗ್ಯಾರಂಟಿ ಇಲ್ಲದೆ ಬರೀ ಅದೊಂದೇ ಕಂಡರೆ ಮಾತ್ರ ಯೋಚನೆಯ ವಿಷಯ.

ಪಟ್ಟಿಯಲ್ಲಿ ಫ್ಯಾಮಿಲಿ ಮೆಡಿಸಿನ್ ಜಾಸ್ತಿ ಇದ್ದರೆ ಸ್ಕೂಲು ಸಾಧಾರಣ ಅಂತ ತಿಳಿಯಬೇಡಿ. ಅದು ಅಲ್ಲಿನ ಮಕ್ಕಳೇ ಆರಿಸಿಕೊಂಡದ್ದಿರಬಹುದು. ಹೆಸರಾಂತ ಸ್ಕೂಲಿನ ಪಟ್ಟಿ ಹೊಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ: ಅಲ್ಲಿಗೆ ಸೇರುವವರೇ ಮೊದಲಿನಿಂದ ಒಳ್ಳೇ ಅಂಕ ತೆಗೆದವರು. ನಿಮಗೂ ಅಲ್ಲಿ ಸೀಟು ಸಿಕ್ಕಿದೆ ಅಂದರೆ ನೀವೂ ಅವರಂಥವರೇ ಅಲ್ವಾ? ಆ ಗುಣ ನಿಮ್ಮ ಜೊತೆ ಅಗ್ಗದ ಸ್ಕೂಲಿಗೂ ಬರುತ್ತದೆ.

ಇನ್ನೊಂದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಡರ್ಮಟಾಲಜಿ, ನ್ಯೂರೋಸರ್ಜರಿಯಂಥ ಕಠಿಣ ವಿಭಾಗಕ್ಕೆ ಹೋದವರಲ್ಲಿ ಎಷ್ಟು ಮಂದಿ ನಡುವೆ ಒಂದು ವರ್ಷ ಸಂಶೋಧನೆಗೆ ನಿಂತರು ಅಂತ ಕೇಳಿ. ಆ ಐದನೇ ವರ್ಷಕ್ಕೆ ಸ್ಕೂಲು ದುಡ್ಡು ಕೊಡುತ್ತದಾ, ಇಲ್ಲ ಬಾಡಿಗೆ-ಊಟ ನಮ್ಮದೇನಾ? ನಮ್ಮದೇ ಆದರೆ ನಾಲ್ಕು ವರ್ಷದ ಲೆಕ್ಕವೆಲ್ಲ ಐದು ವರ್ಷದ್ದಾಗುತ್ತದೆ, ಡಾಕ್ಟರ ಪೂರ್ತಿ ಸಂಬಳವೂ ಒಂದು ವರ್ಷ ಹಿಂದೆ ಹೋಗುತ್ತದೆ.

ಪಟ್ಟಿಯಲ್ಲಿ ಕಾಣದ ಸಂಗತಿಗಳು

ಅಮೆರಿಕದಲ್ಲಿ ಡಾಕ್ಟರ ಲೈಸೆನ್ಸಿಗೆ ಬರೆಯುವ ಯುಎಸ್‌ಎಂಎಲ್‌ಇಯ ಮೊದಲ ಪರೀಕ್ಷೆ ಸ್ಟೆಪ್ 1ಕ್ಕೆ 2022ರ ಜನವರಿಯಿಂದ ಅಂಕ ಇಲ್ಲ, ಬರೀ ಪಾಸು-ಫೇಲು. ಅಂಕ ಉಳಿದಿರುವುದು ಸ್ಟೆಪ್ 2ಕ್ಕೆ. ಹಾಗಾಗಿ ಆಸ್ಪತ್ರೆಯ ರೊಟೇಷನ್‌ನಲ್ಲಿ (ವಿಭಾಗದಿಂದ ವಿಭಾಗಕ್ಕೆ ಹೋಗಿ ಕೆಲಸ ಕಲಿಯುವುದು) ಬರುವ ಗ್ರೇಡು, ಶಿಫಾರಸು ಪತ್ರ, ಸಂಶೋಧನೆ ಇವುಗಳ ತೂಕ ಹೆಚ್ಚಿದೆ. ಇವೆಲ್ಲ ಸ್ಕೂಲಿನ ಆಸ್ಪತ್ರೆ ಮೇಲೆ ನಿಂತಿವೆ.

ಮೊದಲು ಕೇಳಬೇಕಾದ್ದು, ನಿಮಗೆ ಆಸಕ್ತಿ ಇರುವ ವಿಭಾಗದ ರೆಸಿಡೆನ್ಸಿ ಆ ಸ್ಕೂಲಿನ ಆಸ್ಪತ್ರೆಯಲ್ಲೇ ಇದೆಯಾ ಅಂತ. ಆರ್ಥೋಪೀಡಿಕ್ಸ್, ಇಎನ್‌ಟಿ, ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿ, ಡರ್ಮಟಾಲಜಿ, ಕಣ್ಣು, ಯೂರಾಲಜಿ ಇಂಥವುಗಳಲ್ಲಿ ಇದು ತುಂಬಾ ಮುಖ್ಯ. ಸ್ಕೂಲಿನ ಆಸ್ಪತ್ರೆಯಲ್ಲೇ ವಿಭಾಗ ಇದ್ದರೆ ಮೊದಲ ವರ್ಷದಿಂದಲೇ ಅಲ್ಲಿನ ಡಾಕ್ಟರ ಪರಿಚಯ, ಸಂಶೋಧನೆ, ಪತ್ರ ಎಲ್ಲಕ್ಕೂ ದಾರಿ ಇರುತ್ತದೆ. ಇಲ್ಲದಿದ್ದರೆ ಬೇರೆ ಊರಿಗೆ ಹೋಗಿ, ತಿಂಗಳುಗಟ್ಟಲೆ ಬಾಡಿಗೆ ಕೊಟ್ಟು ರೊಟೇಷನ್ ಮಾಡಿ, ಹೊಸಬರ ಎದುರು ಹೆಸರು ಗಳಿಸಬೇಕು. ಆಗದ ಕೆಲಸವಲ್ಲ, ಆದರೆ ಕಷ್ಟ.

ಎರಡನೆಯದು ಗ್ರೇಡಿಂಗ್. ಮೊದಲೆರಡು ವರ್ಷ ಪಾಸು-ಫೇಲು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಳಗೊಳಗೆ ರ‍್ಯಾಂಕ್ ಇಟ್ಟುಕೊಂಡು, ರೆಸಿಡೆನ್ಸಿ ಅರ್ಜಿ ಜೊತೆ ಸ್ಕೂಲು ಕಳಿಸುವ ಡೀನ್ ಪತ್ರದಲ್ಲಿ ಬರೆಯುತ್ತಾರಾ ಕೇಳಿ. ಇದು ಮಕ್ಕಳ ನಿದ್ದೆಗೆ ಸಂಬಂಧಿಸಿದ ವಿಷಯ.

ಮೂರನೆಯದು, ಮೂರನೇ-ನಾಲ್ಕನೇ ವರ್ಷ ಎಲ್ಲಿ ಕಳಿಸುತ್ತಾರೆ? ಸ್ವಂತ ಆಸ್ಪತ್ರೆ ಇಲ್ಲದ ಕೆಲವು ಸ್ಕೂಲುಗಳು ಮಕ್ಕಳನ್ನು ಬೇರೆ ಊರು, ಬೇರೆ ರಾಜ್ಯಕ್ಕೂ ಕಳಿಸುತ್ತವೆ. ಮನೆ ಬದಲಾಯಿಸುವುದು, ಕಾರು, ಎರಡು ಕಡೆ ಬಾಡಿಗೆ, ಇದು ಯಾವ ಖರ್ಚಿನ ಪಟ್ಟಿಯಲ್ಲೂ ಸರಿಯಾಗಿ ಬಂದಿರುವುದಿಲ್ಲ.

ಎಂಡಿ, ಡಿಓ, ಕೆರಿಬಿಯನ್

2024ರ ಮ್ಯಾಚ್‌ನಲ್ಲಿ ಅಮೆರಿಕದ ಎಂಡಿ ಸ್ಕೂಲುಗಳ ಕೊನೇ ವರ್ಷದವರಲ್ಲಿ ಶೇ 93.5, ಡಿಓ ಸ್ಕೂಲುಗಳವರಲ್ಲಿ ಶೇ 92.3 ಮಂದಿಗೆ ರೆಸಿಡೆನ್ಸಿ ಸಿಕ್ಕಿತು. ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಇರುವುದು ಎಲ್ಲಿ ಸಿಕ್ಕಿತು ಅನ್ನುವುದರಲ್ಲಿ. ಇಂಟರ್ನಲ್ ಮೆಡಿಸಿನ್, ಪೀಡಿಯಾಟ್ರಿಕ್ಸ್, ಫ್ಯಾಮಿಲಿ ಮೆಡಿಸಿನ್, ಎಮರ್ಜೆನ್ಸಿ ಕಡೆ ಮನಸ್ಸಿದ್ದರೆ ಕಮ್ಮಿ ಖರ್ಚಿನ ಡಿಓ ಸೀಟನ್ನು ಧೈರ್ಯವಾಗಿ ತಗೊಳ್ಳಿ. ನ್ಯೂರೋಸರ್ಜರಿ, ಡರ್ಮಟಾಲಜಿ, ಪ್ಲಾಸ್ಟಿಕ್ ಸರ್ಜರಿಗೆ ಡಿಓ ದಾರಿ ಇನ್ನೂ ಕಡಿದಾಗಿಯೇ ಇದೆ, ಅಲ್ಲಿ ಎಂಡಿಗೆ ಸ್ವಲ್ಪ ಹೆಚ್ಚು ಕೊಡುವುದಕ್ಕೆ ಅರ್ಥವಿದೆ. ಡಿಓ ವಿದ್ಯಾರ್ಥಿಗಳು ತಮ್ಮದೇ ಲೈಸೆನ್ಸ್ ಪರೀಕ್ಷೆಯಾದ ಕಾಮ್‌ಲೆಕ್ಸ್ ಜೊತೆ ಯುಎಸ್‌ಎಂಎಲ್‌ಇ ಕೂಡ ಬರೆಯುವುದು ಹೆಚ್ಚು, ಅಂದರೆ ಫೀಸು ಮತ್ತು ಓದು ಎರಡೂ ಡಬಲ್.

ಕೆರಿಬಿಯನ್ ದ್ವೀಪಗಳ ಮೆಡಿಕಲ್ ಸ್ಕೂಲುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅವು ಹೊರದೇಶದ ಸ್ಕೂಲುಗಳ ಲೆಕ್ಕಕ್ಕೆ ಬರುತ್ತವೆ. ಹೊರದೇಶದ ಸ್ಕೂಲುಗಳಲ್ಲಿ ಓದಿದ ಅಮೆರಿಕದ ಪ್ರಜೆಗಳಿಗೆ 2024ರಲ್ಲಿ ಸಿಕ್ಕಿದ್ದು ಶೇ 67. ನಡುವೆ ಬಿಟ್ಟುಹೋದವರು ಈ ಲೆಕ್ಕದಲ್ಲೇ ಇಲ್ಲ. ಕೈಯಲ್ಲಿ ಅಮೆರಿಕದ ಸೀಟು, ಎಂಡಿಯೋ ಡಿಓವೋ, ಇದ್ದರೆ ಅದನ್ನು ಬಿಡಬೇಡಿ.

ತೂಗುವುದು

ಒಂದು ಹಾಳೆಯಲ್ಲಿ ಎರಡು ಸಂಖ್ಯೆ ಬರೆಯಿರಿ: ಪ್ರತಿ ಸ್ಕೂಲಿನಿಂದ ಪದವಿ ದಿನಕ್ಕೆ ಆಗುವ ಸಾಲ, ಬಡ್ಡಿ ಸೇರಿ. ಅಂತರವನ್ನು ತಿಂಗಳ ಕಂತಿಗೆ ಬದಲಾಯಿಸಿ. ಕೆಳಗೆ, ದುಬಾರಿ ಸ್ಕೂಲಿನಲ್ಲಿದ್ದು ಅಗ್ಗದ್ದರಲ್ಲಿ ಇಲ್ಲದ್ದನ್ನು ಬರೆಯಿರಿ. "ಹೆಸರು" ಅಂತ ಬರೆಯುವ ಹಾಗಿಲ್ಲ. "ಇಲ್ಲಿ ನ್ಯೂರೋಸರ್ಜರಿ ರೆಸಿಡೆನ್ಸಿ ಇದೆ, ಅಲ್ಲಿಲ್ಲ, ಮೂರು ವರ್ಷದಲ್ಲಿ ಇಲ್ಲಿಂದ ಐದು ಜನ ಹೋಗಿದ್ದಾರೆ" ಅಂತ ಬರೆಯಬಹುದು. "ಅಜ್ಜಿ ಮನೆ ಹತ್ತಿರ, ಬಾಡಿಗೆ ಉಳಿಯುತ್ತೆ, ಒಂಟಿ ಅನ್ನಿಸಲ್ಲ" ಅಂತಲೂ ಬರೆಯಬಹುದು, ಅದೂ ಗಟ್ಟಿ ಕಾರಣವೇ.

ಅಂತರ 20-30 ಸಾವಿರದ ಒಳಗಿದ್ದರೆ ಮನಸ್ಸು ಎಲ್ಲಿ ಒಪ್ಪುತ್ತದೋ ಅಲ್ಲಿಗೆ ಹೋಗಲಿ. ಒಂದು ಲಕ್ಷ ದಾಟಿದರೆ ಕಾರಣ ಬಲವಾಗಿರಬೇಕು. ಅಂತರವೆಲ್ಲ ಖಾಸಗಿ ಸಾಲವೇ ಆಗಿದ್ದರೆ ಇನ್ನೂ ಬಲವಾಗಿರಬೇಕು. ಈ ಗೆರೆಗಳು ನನ್ನವು, ನಿಮ್ಮ ಮನೆಗೆ ಬೇರೆ ಇರಬಹುದು. ಇನ್ನೊಂದು, 22 ವರ್ಷದಲ್ಲಿ "ನಾನು ಹಾರ್ಟ್ ಸರ್ಜನ್ನೇ ಆಗೋದು" ಅನ್ನುವವರು ಮೂರನೇ ವರ್ಷದಲ್ಲಿ ಮನಸ್ಸು ಬದಲಾಯಿಸುವುದು ತುಂಬಾ ಸಾಮಾನ್ಯ. ನಮ್ಮವಳು ಸೇರುವಾಗ ಆರ್ಥೋ ಅನ್ನುತ್ತಿದ್ದಳು, ಈಗ ಮಕ್ಕಳ ವಿಭಾಗದ ಮಾತಾಡುತ್ತಾಳೆ. ಅವಳು ಹೋದದ್ದು ರಾಜ್ಯದ ಸರ್ಕಾರಿ ಸ್ಕೂಲಿಗೆ. ಸಾಲ ಹಗುರ ಇರುವುದರಿಂದ ಕಮ್ಮಿ ಸಂಬಳದ ವಿಭಾಗ ಅಂತ ಹೆದರಿಕೆ ಅವಳಿಗಿಲ್ಲ.

ಏಪ್ರಿಲ್ 30

ಆಮ್‌ಕಾಸ್ (ಎಂಡಿ ಸ್ಕೂಲುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ವ್ಯವಸ್ಥೆ) ಮೂಲಕ ಅರ್ಜಿ ಹಾಕಿದವರು ಏಪ್ರಿಲ್ 30ರ ಒಳಗೆ ಒಂದೇ ಸೀಟು ಇಟ್ಟುಕೊಂಡು "ಪ್ಲ್ಯಾನ್ ಟು ಎನ್‌ರೋಲ್" ಆರಿಸಬೇಕು. "ಕಮಿಟ್ ಟು ಎನ್‌ರೋಲ್" ಆಮೇಲಿನದು, ಅದನ್ನು ಒತ್ತಿದರೆ ಬೇರೆ ಸ್ಕೂಲುಗಳ ವೇಟಿಂಗ್ ಲಿಸ್ಟಿನಿಂದಲೂ ಹೊರಬರಬೇಕು. ಪ್ರತಿ ಸ್ಕೂಲಿನ ದಿನಾಂಕ ಬೇರೆ, ಮೇಲ್ ಸರಿಯಾಗಿ ಓದಿ. ಟೆಕ್ಸಾಸ್ ಸರ್ಕಾರಿ ಸ್ಕೂಲುಗಳದ್ದು ಬೇರೆಯೇ ವ್ಯವಸ್ಥೆ, ಬೇರೆಯೇ ದಿನಾಂಕ. ಸ್ಕಾಲರ್‌ಶಿಪ್ ಪತ್ರಗಳನ್ನೆಲ್ಲ ಪಿಡಿಎಫ್ ಮಾಡಿ ಒಂದು ಕಡೆ ಇಡಿ, ಎರಡನೇ ವರ್ಷ ಫೀಸಿನ ಬಿಲ್ಲು ಬಂದಾಗ ಬೇಕಾಗುತ್ತದೆ.

ಬೇಡ ಅಂತ ತೀರ್ಮಾನ ಆದ ಸೀಟನ್ನು ಕೊನೇ ದಿನದವರೆಗೆ ಹಿಡಿದಿಟ್ಟುಕೊಳ್ಳಬೇಡಿ. ಅವತ್ತೇ ಎರಡು ಸಾಲಿನ ಮೇಲ್ ಕಳಿಸಿ ಬಿಟ್ಟುಕೊಡಿ. ಆ ಸ್ಕೂಲಿನ ವೇಟಿಂಗ್ ಲಿಸ್ಟಿನಲ್ಲಿ ಯಾವುದೋ ಮನೆಯ ಮಗು ದಿನಕ್ಕೆ ಹತ್ತು ಸಲ ಫೋನ್ ತೆಗೆದು ನೋಡುತ್ತಿರುತ್ತದೆ.